ಟೋಲ್ಮನ್ ಊರಿನ ಮಾಲ್ ಮತ್ತು ಆರ್ಡಿಸ್ ಅತ್ತೆಯ ಕೊಟ್ಟಿಗೆ

ನಮ್ಮ ಟೋಲ್ಮನ್ ಊರಿನಲ್ಲಿ 'ಮಾಲ್‌ಗೆ ಹೋಗಿ ಬರ್ತೀನಿ' ಎಂದರೆ ಕಸ ಹಾಕುವ ಜಾಗಕ್ಕೆ ಹೋಗಿ ಬರುತ್ತೇನೆ ಎಂದು ಅರ್ಥ. ವರ್ಮಾಂಟ್ ರಾಜ್ಯದ ಈ ಮೂಲೆಯಿಂದ ನಿಜವಾದ ಮಾಲ್ ಮುಟ್ಟಬೇಕಾದರೆ ಬೆಟ್ಟ ದಾಟಬೇಕು. ಹಾಗಾಗಿ ಡಂಪಿನ ಗೇಟಿನ ಪಕ್ಕದ ಮರದ ಶೆಡ್ಡಿಗೆ ಯಾರೋ ತಮಾಷೆಗೆ ಆ ಹೆಸರಿಟ್ಟರು, ಅದೇ ನಿಂತಿತು. ಬೇಡವಾದದ್ದನ್ನು ಅಲ್ಲಿ ಇಡಬೇಕು, ಬೇಕಾದದ್ದನ್ನು ಎತ್ತಿಕೊಂಡು ಹೋಗಬೇಕು. ದುಡ್ಡಿನ ಮಾತಿಲ್ಲ. ಶನಿವಾರ ಮಾತ್ರ ಬಾಗಿಲು ತೆರೆಯುತ್ತಿತ್ತು. ಬಾಗಿಲ ಒಳಗೆ ಎಡಕ್ಕೆ, ಕಾಲು ಮುರಿದು ಮತ್ತೆ ಜೋಡಿಸಿದ ಒಂದು ಕುರ್ಚಿಯ ಮೇಲೆ ಆರ್ಡಿಸ್ ಪೀಸ್ಲಿ ಕೂತಿರುತ್ತಿದ್ದಳು. ಅವಳು ನನ್ನ ಅಪ್ಪನ ಅಕ್ಕ.

ಅತ್ತೆ ತನ್ನ ಆಯುಷ್ಯದ ಬಹುಪಾಲನ್ನು ಊರಿನ ಶಾಲೆಯ ಅಡುಗೆಮನೆಯಲ್ಲಿ ಕಳೆದವಳು. ನಿನ್ನೆಯ ಆಲೂಗಡ್ಡೆ ಇವತ್ತಿನ ಸೂಪಾಗುವುದು, ಇವತ್ತಿನ ಸೂಪು ನಾಳೆ ಮಾಂಸದ ಕಡುಬಿನ ಹೊಟ್ಟೆಗೆ ಸೇರುವುದು ಅವಳ ಕೈಯ ಕೆಲಸ. ಮಕ್ಕಳು ಕಡಿಮೆಯಾಗಿ ನಮ್ಮ ಶಾಲೆಯನ್ನು ಪಕ್ಕದೂರಿನ ಶಾಲೆಯ ಜೊತೆ ಸೇರಿಸಿಬಿಟ್ಟರು. ಅಲ್ಲಿ ಊಟ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಲಾರಿಯಿಂದ ಬರುತ್ತಿತ್ತು. ಅತ್ತೆ ಮನೆಗೆ ಬಂದಳು. ಅದೇ ವರ್ಷ ಮಾವ ಎಲ್ಡನ್ ತೀರಿಕೊಂಡ. ಹಸುಗಳನ್ನು ಮಾರಿ ಆಗಲೇ ಬಹಳ ದಿನವಾಗಿತ್ತು. ಕೊಟ್ಟಿಗೆ ಖಾಲಿ, ಮನೆ ಖಾಲಿ. ಮಾಲ್ ನೋಡಿಕೊಳ್ಳಲು ಯಾರಾದರೂ ಬೇಕು ಎಂದು ಊರಿನ ಆಡಳಿತ ಮಂಡಳಿ ಕೇಳಿದಾಗ ಕೈ ಎತ್ತಿದವಳು ಅವಳೊಬ್ಬಳೇ.

ಮಾಲ್‌ಗೆ ಒಂದು ನಿಯಮ ಇತ್ತು. ಗೋಡೆಯ ಮೇಲೆ ಬರೆದದ್ದಲ್ಲ, ಆದರೆ ಬರೆದ ನಿಯಮಗಳಿಗಿಂತ ಗಟ್ಟಿ. ಯಾರು ಏನನ್ನು ಎತ್ತಿಕೊಂಡು ಹೋದರು ಎಂದು ಯಾರೂ ಮಾತಾಡಕೂಡದು. ನೀವು ಇಟ್ಟ ದೀಪ ಇನ್ನೊಬ್ಬರ ಜಗುಲಿಯಲ್ಲಿ ಉರಿಯುತ್ತಿದ್ದರೆ ನೀವು ಆ ದೀಪವನ್ನು ಹುಟ್ಟಿದಂದಿನಿಂದ ನೋಡಿಲ್ಲ. ಚರ್ಚಿನ ಪಾದ್ರಿ ಊರಿನ ಯಾರದೋ ಮನೆಗೆ ಊಟಕ್ಕೆ ಹೋಗಿ ತಮ್ಮ ಮದುವೆಗೆ ಬಂದಿದ್ದ ತಟ್ಟೆಯಲ್ಲೇ ಉಂಡರಂತೆ. ತಟ್ಟೆ ಬಹಳ ಚೆನ್ನಾಗಿದೆ ಎಂದು ಹೊಗಳಿ ಎದ್ದು ಬಂದರಂತೆ. ಇಷ್ಟು ಚಿಕ್ಕ ಊರಿನಲ್ಲಿ, ಆರು ತಿಂಗಳು ಹಿಮ ಬೀಳುವ ಕಡೆ, ಒಬ್ಬರ ಮುಖ ಒಬ್ಬರು ನೋಡಿಕೊಂಡು ಬದುಕಬೇಕಾದರೆ ಬೇರೆ ದಾರಿ ಇಲ್ಲ.

ಇನ್ನೊಂದು ನಿಯಮ ಬರೆದಿಟ್ಟದ್ದು. ಶನಿವಾರ ಬಾಗಿಲು ಹಾಕುವಾಗ ಉಳಿದದ್ದೆಲ್ಲ ಕಸ ಅಮುಕುವ ಯಂತ್ರಕ್ಕೆ ಹೋಗಬೇಕು. ಇದನ್ನು ಅತ್ತೆ ಮೊದಲ ಶನಿವಾರವೇ ಮುರಿದಳು. ಉಳಿದ ಅಡುಗೆಯನ್ನು ಎಂದೂ ಚೆಲ್ಲದ ಕೈ ಅದು. ಸುತ್ತಮುತ್ತ ನೋಡಿ, ಉಳಿದದ್ದನ್ನೆಲ್ಲ ತನ್ನ ಪಿಕಪ್ ಗಾಡಿಗೆ ತುಂಬಿಕೊಂಡು ಹೋಗಿ ಕೊಟ್ಟಿಗೆಯಲ್ಲಿಟ್ಟಳು. ಮುಂದಿನ ಶನಿವಾರ ಧೂಳು ಒರೆಸಿ, ಜಾಗ ಬದಲಿಸಿ, ಮತ್ತೆ ತಂದು ಜೋಡಿಸಿದಳು. ಕಳೆದ ವಾರ ನೆಲದ ಮೇಲಿದ್ದ ಬುಟ್ಟಿ ಈ ವಾರ ಕಪಾಟಿನ ಮೇಲೆ, ಒಳಗೆ ನಾಲ್ಕು ಸೇಬು. ಕೆಲವು ಹೋಗುತ್ತಿದ್ದವು, ಬಹಳಷ್ಟು ಅವಳ ಜೊತೆಗೇ ವಾಪಸ್ಸು ಬರುತ್ತಿದ್ದವು. ಒಂದು ಬ್ರೆಡ್ ಮಾಡುವ ಯಂತ್ರ ಇತ್ತು. ಅದನ್ನು ಊರಿನ ಅರ್ಧ ಮನೆಗಳು ಒಯ್ದು, ಒಂದೇ ಒಂದು ಬ್ರೆಡ್ ಮಾಡಿ, ವಾಪಸ್ಸು ತಂದಿಟ್ಟಿದ್ದವು. ಆ ಬ್ರೆಡ್ಡನ್ನು ತಿಂದವರ್‍ಯಾರೂ ಅದರ ಬಗ್ಗೆ ಮಾತಾಡಿದ್ದಿಲ್ಲ. ಅದು ನಿಯಮದಿಂದಲೋ, ಬ್ರೆಡ್ಡಿನಿಂದಲೋ ಹೇಳಲಾರೆ.

ಅತ್ತೆಯ ಪಿಕಪ್ ಪ್ರತಿ ಶನಿವಾರ ತುಂಬಿಕೊಂಡು ಹೋಗುವುದನ್ನು ಎಲ್ಲರೂ ನೋಡುತ್ತಿದ್ದರು. ಮೊದಲ ನಿಯಮದ ಪ್ರಕಾರ ಯಾರೂ ನೋಡಿರಲಿಲ್ಲ.

ಡೆಲ್ಬರ್ಟ್ ಸ್ಟಿಕ್ನಿಯಂತೂ ನೋಡದೆ ಇರಲು ಸಾಧ್ಯವೇ ಇರಲಿಲ್ಲ. ಅವನ ಅಡುಗೆಮನೆಯ ಕಿಟಕಿ ಅತ್ತೆಯ ಕೊಟ್ಟಿಗೆಯ ಕಡೆಗೇ ಇದೆ. ಆಡಳಿತ ಮಂಡಳಿಯ ಮೂವರಲ್ಲಿ ಒಬ್ಬ, ಅತ್ತೆಯ ಜೊತೆ ಒಂದೇ ತರಗತಿಯಲ್ಲಿ ಓದಿದವನು, ರಸ್ತೆಗಳ ಜವಾಬ್ದಾರಿ ಅವನದು. ಶರತ್ಕಾಲದ ಒಂದು ಶನಿವಾರ ಅವನು ಮಾಲ್‌ನ ಬಾಗಿಲಿಗೆ ಒರಗಿ ನಿಂತ.

"ಆರ್ಡಿಸ್, ಮಾರ್ಚ್ ಸಭೇಲಿ ನಿನ್ ಅಂಗಡಿಗೆ ಬೀಗ ಬೀಳುತ್ತೆ. ಮೊದ್ಲೇ ಹೇಳ್ತಿದೀನಿ, ಆಮೇಲೆ ನನ್ ಮೇಲೆ ರೇಗ್ಬೇಡ."

"ಬೀಗಕ್ಕೆ ಯಾಕೆ ಖರ್ಚು ಮಾಡ್ತೀಯ? ಇಲ್ಲೇ ಮೂರ್ ಬಿದ್ದಿವೆ. ಕೀಲಿ ಒಂದಕ್ಕೂ ಇಲ್ಲ, ಅಷ್ಟೇ."

"ತಮಾಷೆ ಅಲ್ಲ ಕಣೇ. ಚಕ್ರ ಜಾರದ ಹಾಗೆ ರಸ್ತೆಗೆ ಹಾಕೋ ಮರಳೆಲ್ಲ ಹಿಮದಲ್ಲಿ ನೆನೆದು ಬಂಡೆ ಥರ ಆಗ್ತಿದೆ. ಅದಕ್ಕೊಂದು ಸೂರು ಬೇಕು. ಈ ಜಾಗ ಸರಿಯಾಗಿದೆ."

"ಮರಳಿಗೆ ಸೂರು. ನಂಗೆ?"

"ನಿಂಗ್ ಮನೆ ಇದೆಯಲ್ಲ."

"ಮನೆಗೆ ಯಾರ್ ಬರ್ತಾರೋ ಡೆಲ್ಬರ್ಟ್, ಶನಿವಾರ?"

ಡೆಲ್ಬರ್ಟ್ ಹೊರಟ. ಹೋಗುವಾಗ ಒಂದು ಬಾಚಿಯ ಹಿಡಿಯನ್ನು ಎತ್ತಿಕೊಂಡು ಹೋದ. ಅತ್ತೆ ಬೇರೆ ಕಡೆ ನೋಡಿದಳು.

ವರ್ಮಾಂಟ್‌ನಲ್ಲಿ ಇಂಥ ಸಂಗತಿಗಳು ಮಾರ್ಚ್ ತಿಂಗಳ ಊರ ಸಭೆಯಲ್ಲಿ ತೀರ್ಮಾನವಾಗುತ್ತವೆ. ಊರಿನವರೆಲ್ಲ ಹಳೆಯ ಶಾಲೆಯ ಆಟದ ಕೋಣೆಯಲ್ಲಿ ಕೂತು, ಒಂದೊಂದೇ ವಿಷಯಕ್ಕೆ ಬಾಯಿಬಿಟ್ಟು ಹೌದು ಅಥವಾ ಇಲ್ಲ ಎನ್ನಬೇಕು. ಶೆಡ್ಡು ಕೆಡವುವ ವಿಷಯ ಕಾರ್ಯಸೂಚಿಗೆ ಸೇರಿತು. ಅದೇ ವೇಳೆಗೆ ಕೋರಾ ಲಿಂಡ್‌ಹೋಮ್ ಬಂದಳು.

ಕೋರಾ ವಿಶ್ವವಿದ್ಯಾಲಯದಲ್ಲಿ ಸಂಶೋಧಕಿ. ವಸ್ತುಗಳು ಕಾರ್ಖಾನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ, ಮನೆಯಿಂದ ಕಸದ ಗುಂಡಿಗೆ ಎಂದು ನೇರ ಗೆರೆಯಲ್ಲಿ ಹೋಗುವುದು ನಿಲ್ಲಬೇಕು, ಕೈಯಿಂದ ಕೈಗೆ ಸುತ್ತುತ್ತಲೇ ಇರಬೇಕು ಎಂಬುದು ಅವಳ ಅಧ್ಯಯನದ ವಿಷಯ. ಅದಕ್ಕೆ ವರ್ತುಲ ಆರ್ಥಿಕತೆ ಎನ್ನುತ್ತಾರೆ. ರಾಜ್ಯದ ಶಾಸಕರು ಅದಕ್ಕೊಂದು ಕಾನೂನು ತರುವವರಿದ್ದರು, ಆದರೆ ಬರೀ ಒಳ್ಳೆಯ ಮಾತು ಬೇಡ, ಸಾಕ್ಷ್ಯ ಕೊಡಿ ಎಂದಿದ್ದರು. ಸಾಕ್ಷ್ಯ ಹುಡುಕಿಕೊಂಡು ಕೋರಾ ಊರೂರು ಸುತ್ತುತ್ತಿದ್ದಳು. ಒಳ್ಳೆಯ ಹುಡುಗಿ, ಪ್ರಾಮಾಣಿಕಳು. ಅವಳ ಕಾರೇ ಇಪ್ಪತ್ತು ವರ್ಷ ಹಳೆಯದು.

ಅವಳು ಮಾಲ್‌ನ ಬಾಗಿಲಲ್ಲಿ ಒಂದು ತಕ್ಕಡಿ ಇಟ್ಟಳು. ಒಳಗೆ ಬಂದ ಪ್ರತಿಯೊಂದಕ್ಕೂ ಒಂದು ಹಳದಿ ಚೀಟಿ ಅಂಟಿಸಬೇಕು. ಹೊರಗೆ ಹೋಗುವ ಪ್ರತಿಯೊಂದನ್ನೂ ತಕ್ಕಡಿಯ ಮೇಲೆ ಇಟ್ಟು ಹೋಗಬೇಕು, ತೂಕವನ್ನು ಯಂತ್ರ ತಾನೇ ನೆನಪಿಟ್ಟುಕೊಳ್ಳುತ್ತದೆ. ಅತ್ತೆ ಜೀವನದಲ್ಲಿ ಇಷ್ಟು ಶ್ರದ್ಧೆಯಿಂದ ಯಾರ ಮಾತನ್ನೂ ಕೇಳಿದವಳಲ್ಲ. ಕೋರಾಳ ಮಾತನ್ನು ಕೇಳಿದಳು. ಬೆಟ್ಟದ ರಸ್ತೆ ಹೆಪ್ಪುಗಟ್ಟುವ ಮುಂಚೆ ಮನೆ ಸೇರಬೇಕಾದ್ದರಿಂದ ಕೋರಾ ಯಾವಾಗಲೂ ಬಾಗಿಲು ಮುಚ್ಚುವ ಮೊದಲೇ ಹೊರಟುಬಿಡುತ್ತಿದ್ದಳು.

"ಮುಚ್ಚೋ ಹೊತ್ತಿಗೆ ಒಳಗೆ ಎಷ್ಟು ಉಳಿದಿರುತ್ತೆ, ಮಿಸೆಸ್ ಪೀಸ್ಲಿ?"

"ಏನೂ ಇಲ್ಲ."

"ಏನೂ ಅಂದ್ರೆ ಏನೂ?"

"ಗುಡಿಸಿ ಬಿಟ್ಟಿರ್ತೀನಿ. ಬೇಕಾದ್ರೆ ಬಂದು ನೋಡಮ್ಮ."

ಅದು ಅಕ್ಷರಶಃ ನಿಜ. ಕೋರಾ ಊರಿನವರನ್ನೂ ವಿಚಾರಿಸಿದಳು. ಎಲ್ಲ ಖಾಲಿಯಾಗುತ್ತೆ ಎಂದರು. ಯಾರು ಹೆಚ್ಚು ಒಯ್ಯುತ್ತಾರೆ ಎಂದು ಕೇಳಿದ್ದಕ್ಕೆ ಹವಾಮಾನದ ಬಗ್ಗೆ ಮಾತಾಡಿದರು. ಬೇರೆ ಊರುಗಳಲ್ಲಿ ಬಂದದ್ದರಲ್ಲಿ ಅರ್ಧ ಉಳಿದು ಕೊಳೆಯುತ್ತಿರುವಾಗ ಟೋಲ್ಮನ್‌ನಲ್ಲಿ ವಾರ ವಾರವೂ ಅಂಗಿಯ ಒಂದು ಗುಂಡಿ ಕೂಡ ಉಳಿಯುತ್ತಿರಲಿಲ್ಲ. ತಕ್ಕಡಿಯ ಅಂಕಿಗಳನ್ನು ನೋಡಿ ಕೋರಾ ಮೊದಲು ತಕ್ಕಡಿ ಕೆಟ್ಟಿದೆ ಎಂದುಕೊಂಡಳು. ಬೇರೆ ತಂದಿಟ್ಟಳು. ಅದೂ ಅದನ್ನೇ ಹೇಳಿತು.

ಜನವರಿಯ ಹೊತ್ತಿಗೆ ಅತ್ತೆಗೆ ಏನೋ ಕಸಿವಿಸಿ ಶುರುವಾಯಿತು. ಇನ್ನೊಬ್ಬರು ಒಯ್ದದ್ದನ್ನು ಹೇಳುವ ಹಾಗಿಲ್ಲ ನಿಜ, ತಾನು ಒಯ್ದದ್ದನ್ನು ತಾನು ಹೇಳಿಕೊಳ್ಳಲು ಅಡ್ಡಿಯಿಲ್ಲವಲ್ಲ. ಒಂದು ಆ್ಯಪಲ್ ಪೈ ಮಾಡಿಕೊಂಡು ಕೋರಾಳ ಕಾರಿನ ಹತ್ತಿರ ಹೋದಳು. ನಾನು ಜೊತೆಗಿದ್ದೆ.

"ನೋಡಮ್ಮ, ನಾನೂ ಒಂದಿಷ್ಟು ತಗೊಂಡ್ ಹೋಗ್ತೀನಿ. ನಿನ್ ಲೆಕ್ಕದಲ್ಲಿ ಅದೂ ಸೇರಿಕೊಂಡಿದ್ಯೇನೋ."

"ಸೇರಿದೆ. ಸೇರ್ಲೇಬೇಕು. ಅಲ್ಲಿ ಕೆಲ್ಸ ಮಾಡೋರೂ ಬಳಕೆದಾರರೇ ತಾನೆ?"

"ಒಂದಿಷ್ಟು ಅಂದ್ರೆ... ಜಾಸ್ತೀನೇ."

"ಅಂಥವರು ಎಲ್ಲ ಊರಲ್ಲೂ ಇರ್ತಾರೆ, ಮಿಸೆಸ್ ಪೀಸ್ಲಿ. ನಾವು ಅವರನ್ನ ಅತಿ ಬಳಕೆದಾರರು ಅಂತೀವಿ."

"ಪಿಕಪ್ ತುಂಬ ಕಣಮ್ಮ."

ಕೋರಾಳ ಕಣ್ಣು ಹೊಳೆಯಿತು. "ಸ್ವಲ್ಪ ಜನ ದೊಡ್ಡ ಪಾಲನ್ನ ಹೊರ್ತಾರೆ ಅನ್ನೋದು ನನ್ನ ವರದೀಲಿ ಒಂದು ಮುಖ್ಯ ಅಂಶ. ನೀವಾಗೇ ಹೇಳಿದ್ದು ಬಹಳ ಒಳ್ಳೇದಾಯ್ತು."

ಮನೆಗೆ ಬರುವ ದಾರಿಯಲ್ಲಿ ಅತ್ತೆ ನನ್ನ ಕಡೆ ತಿರುಗಿದಳು. "ಹೇಳ್ದೆ ಕಣೇ. ನೀನೇ ಕೇಳಿಸ್ಕೊಂಡೆಯಲ್ಲ. ಹೇಳಿದ್ದಕ್ಕೆ ನಂಗೊಂದ್ ಹೆಸ್ರು ಕೊಟ್ಲು."

ಸಭೆಯ ದಿನ ಹಿಮ ಕರಗಿ ರಸ್ತೆಯೆಲ್ಲ ಕೆಸರು. ರಬ್ಬರ್ ಬೂಟುಗಳ ಸಾಲು ಬಾಗಿಲಿನಿಂದ ಹೊರಗೂ ಬಂದಿತ್ತು. ಅಗ್ನಿಶಾಮಕ ವಾಹನದ ಚಕ್ರ, ಸ್ಮಶಾನದ ಬೇಲಿ ಎಲ್ಲ ಮುಗಿದು ಶೆಡ್ಡಿನ ಸರದಿ ಬಂತು. ಕೋರಾ ಎದ್ದು ತನ್ನ ಅಂಕಿಗಳನ್ನು ಕಂಬಗಳ ನಕ್ಷೆ ಮಾಡಿ ಗೋಡೆಯ ಮೇಲೆ ಬೆಳಕಿನಲ್ಲಿ ತೋರಿಸಿದಳು. ಟೋಲ್ಮನ್‌ನ ಕಂಬ ಉಳಿದ ಊರುಗಳ ಕಂಬಗಳ ನಡುವೆ ಚರ್ಚಿನ ಗೋಪುರದ ಹಾಗೆ ಎದ್ದು ನಿಂತಿತ್ತು. ಇಷ್ಟೊಂದು ಮರುಬಳಕೆ ತಾನು ಓದಿದ ಯಾವ ಅಧ್ಯಯನದಲ್ಲೂ ಇಲ್ಲ, ಇಂಥ ಶೆಡ್ಡನ್ನು ಕೆಡವುವುದು ಊರಿಗೇ ನಷ್ಟ ಎಂದಳು.

ಇಡೀ ಕೋಣೆ ಆ ಕಂಬವನ್ನು ನೋಡಿತು. ಆ ಕಂಬ ಏನೆಂದು ಕೋಣೆಯಲ್ಲಿ ಕೋರಾಳೊಬ್ಬಳನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಅದು ಅತ್ತೆಯ ಪಿಕಪ್.

ಅತ್ತೆ ಮೂರನೆಯ ಸಾಲಿನಲ್ಲಿ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಡೆಲ್ಬರ್ಟ್ ಎದ್ದು ನಿಂತ.

"ಅಂಕಿ ಬಗ್ಗೆ ಒಂದ್ ಮಾತು ಹೇಳ್ಬೇಕು," ಎಂದ.

ಸಭೆ ನಡೆಸುವವರು "ಹೇಳಿ ಡೆಲ್ಬರ್ಟ್" ಎಂದರು. ಹಿಂದೆ ಯಾರೋ ಕೆಮ್ಮಿದರು. ಅವನ ಕಿಟಕಿ ಎತ್ತ ಕಡೆಗಿದೆ ಎಂದು ಎಲ್ಲರಿಗೂ ತಿಳಿದಿತ್ತು. ಒಂದು ವಾಕ್ಯ ಸಾಕಿತ್ತು. ಅವನಿಗೆ ಮರಳಿನ ಸೂರು ಸಿಗುತ್ತಿತ್ತು, ಅತ್ತೆಯ ಕುರ್ಚಿ ಸೌದೆಗೆ ಹೋಗುತ್ತಿತ್ತು.

ಇಲ್ಲಿ ಅವನ ಕೋಟಿನ ವಿಷಯ ಹೇಳಬೇಕು. ಕಂದು ಬಣ್ಣದ ದಪ್ಪ ಉಣ್ಣೆಯ ಕೋಟು, ಸಭೆಗೆಂದೇ ಹಾಕುತ್ತಿದ್ದದ್ದು. ಮೇಲಿನಿಂದ ಎರಡನೆಯ ಗುಂಡಿ ಮಾತ್ರ ಉಳಿದವುಗಳಿಗೆ ಹೊಂದುತ್ತಿರಲಿಲ್ಲ. ಆ ಗುಂಡಿಯನ್ನು ಹೊಲಿದವಳು ಅತ್ತೆ. ಎಲ್ಡನ್ ಮಾವ ತೀರಿಕೊಂಡ ಮರು ವಸಂತದಲ್ಲಿ ಆ ಕೋಟನ್ನು ಮಾಲ್‌ನ ಮೊಳೆಗೆ ನೇತುಹಾಕಿದವಳೂ ಅವಳೇ. (ಇದನ್ನು ಬರೆಯಲೇ ಎಂದು ಅವಳನ್ನು ಕೇಳಿದ್ದೆ. "ಬರಿ, ಯಾರ ಕೋಟು ಅಂತ ಗೊತ್ತಾಗ್ಬಾರ್ದು ಅಷ್ಟೇ," ಎಂದಳು. ಅದಕ್ಕಾಗಿ ಬಣ್ಣ ಬದಲಿಸಿದ್ದೇನೆ.)

ಡೆಲ್ಬರ್ಟ್ ಅತ್ತೆಯ ಕಡೆ ನೋಡಿದ. ಅತ್ತೆ ಅವನನ್ನು ನೋಡಿದಳು, ಮುಖವನ್ನು, ಕೋಟನ್ನಲ್ಲ. ಹತ್ತು ವರ್ಷದಿಂದ ಅವಳು ಅದನ್ನು ಹಾಗೆಯೇ ನೋಡದೆ ಬಂದಿದ್ದಳು. ಅವನ ಕೈ ಎರಡನೆಯ ಗುಂಡಿಯ ಹತ್ತಿರ ಹೋಗಿ ಅಲ್ಲೇ ನಿಂತಿತು.

"ಅಂಕಿ... ದೊಡ್ಡದಾಗಿ ಬರ್ದಿದ್ದು ಒಳ್ಳೇದಾಯ್ತು," ಎಂದ. "ಹಿಂದೆ ಕೂತೋರಿಗೂ ಕಾಣಿಸ್ತು." ಕೂತುಬಿಟ್ಟ.

ಕೆಡವುವುದಕ್ಕೆ ಇಲ್ಲ ಎನ್ನುವವರೇ ಹೆಚ್ಚಾದರು. ಶೆಡ್ಡು ಉಳಿಯಿತು. ಮಧ್ಯಾಹ್ನ ಬೀನ್ಸ್ ಮತ್ತು ಮೆಕ್ಕೆಜೋಳದ ಬ್ರೆಡ್ಡಿನ ಊಟಕ್ಕೆ ನಿಂತಿದ್ದಾಗ ಡೆಲ್ಬರ್ಟ್ ತಟ್ಟೆ ಹಿಡಿದು ಅತ್ತೆಯ ಮುಂದೆ ಬಂದ. ಬಡಿಸುವವಳು ಅವಳೇ.

"ಗೆದ್ದೆಯಲ್ಲೇ."

"ಇನ್ನೊಂದ್ ಸೌಟು ಹಾಕ್ಲಾ?"

"ಹಾಕು."

"ಹೊರಗೆ ಗಾಳಿ ಇದೆ," ಎಂದಳು ಅತ್ತೆ ಬೀನ್ಸ್ ನೋಡುತ್ತಾ. "ಗುಂಡಿ ಹಾಕ್ಕೊಂಡು ಹೋಗು."

ಶೆಡ್ಡು ಉಳಿದದ್ದು ಎಂಟು ತಿಂಗಳು.

ಕೋರಾಳ ವರದಿ ರಾಜಧಾನಿ ತಲುಪಿತು. ಶಾಸಕರು ಕೇಳಿದ್ದ ಸಾಕ್ಷ್ಯ ಸಿಕ್ಕಿತ್ತು. ಟೋಲ್ಮನ್ ರಾಜ್ಯಕ್ಕೇ ಮಾದರಿ, ಅಲ್ಲೊಂದು ವರ್ತುಲ ಕೇಂದ್ರ ಕಟ್ಟಬೇಕು ಎಂದು ಅನುದಾನ ಬಂತು. ಕೇಂದ್ರ ಕಟ್ಟಲು ಜಾಗ ಬೇಕಲ್ಲ, ಶೆಡ್ಡನ್ನು ಕೆಡವಿದರು. ಹಲಗೆಗಳಿಗೆ ಹಳೆಯ ಸೀಸದ ಬಣ್ಣ ಇದ್ದದ್ದರಿಂದ ಮರುಬಳಕೆ ಮಾಡುವಂತಿಲ್ಲ ಎಂದು ಎಲ್ಲವನ್ನೂ ಲಾರಿಗೆ ತುಂಬಿ ಕಸದ ಗುಂಡಿಗೆ ಕಳಿಸಿದರು. ಹೊಸ ಕಟ್ಟಡ ತಗಡಿನದು, ದೊಡ್ಡದು, ಬಾಗಿಲು ತಾನಾಗಿ ತೆರೆಯುತ್ತದೆ. ಒಳಗೆ ಪರೀಕ್ಷೆ ಪಾಸಾದ ಒಬ್ಬ ವ್ಯವಸ್ಥಾಪಕ. ಪ್ರತಿ ವಸ್ತುವಿಗೂ ಕಂಪ್ಯೂಟರು ಓದುವ ಗೆರೆಗಳ ಚೀಟಿ. ಯಾರು ಏನು ಒಯ್ದರು ಎಂದು ಪರದೆಯ ಮೇಲೆ ಹೆಸರು ಸಮೇತ ಬರುತ್ತದೆ.

ಹೆಸರು ಸಮೇತ ಎಂದು ಗೊತ್ತಾದ ಮೇಲೆ ಊರಿನವರು ನೋಡಲು ಬಂದರು, ಹೊಗಳಿದರು, ಬರಿಗೈಯಲ್ಲಿ ಹೋದರು.

ಅತ್ತೆಯೂ ಪಿಕಪ್ ತೆಗೆದುಕೊಂಡು ಹೋದಳು. ವ್ಯವಸ್ಥಾಪಕ ಮರ್ಯಾದಸ್ಥ.

"ನಿಮ್ಮ ಬಗ್ಗೆ ಬಹಳ ಕೇಳಿದೀನಿ, ಮೇಡಂ. ಆದ್ರೆ ಒಬ್ಬರಿಗೆ ವಾರಕ್ಕೆ ಮೂರೇ ವಸ್ತು."

"ಯಾರ್ ಮಾಡಿದ್ದು ಇದನ್ನ?"

"ವರದೀಲಿದೆ. ಕೆಲವರೇ ಜಾಸ್ತಿ ಒಯ್ತಾರೆ ಅಂತ ಸಾಕ್ಷ್ಯ ಸಿಕ್ಕಿದೆಯಂತೆ. ಎಲ್ರಿಗೂ ಸಮಾನ ಅವಕಾಶ ಸಿಗ್ಲಿ ಅಂತ."

"ಇಲ್ಲಿ ಕೂತ್ಕೊಂಡು ನೋಡ್ಕೋಬಹುದಾ? ಸುಮ್ನೆ?"

"ಕೆಲ್ಸ ಮಾಡೋರು ಏನನ್ನೂ ಒಯ್ಯೋ ಹಾಗಿಲ್ಲ ಅಂತ ಇನ್ನೊಂದ್ ನಿಯಮ ಇದೆ. ಮೇಲಾಗಿ... ಕುರ್ಚಿ ಇಲ್ಲ, ಮೇಡಂ. ಎಲ್ರೂ ನಿಂತೇ ಇರ್ತೀವಿ."

ಬ್ರೆಡ್ ಯಂತ್ರವನ್ನಾದರೂ ತೆಗೆದುಕೊಳ್ಳಿ ಎಂದಳು. ಅದರ ವಿದ್ಯುತ್ ತಂತಿಗೆ ಪ್ರಮಾಣಪತ್ರ ಇಲ್ಲ ಎಂದ. ಅತ್ತೆ ಯಂತ್ರವನ್ನು ಮಗುವಿನ ಹಾಗೆ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ವಾಪಸ್ಸು ಬಂದಳು. ಆಮೇಲಿನ ಶನಿವಾರಗಳು ಹೇಗಿದ್ದವು ಎಂದರೆ, ಅವಳು ಬೆಳಗ್ಗೆಯೇ ತಯಾರಾಗಿ ಬೂಟು ಹಾಕಿಕೊಂಡು ಅಡುಗೆಮನೆಯಲ್ಲಿ ಕೂತಿರುತ್ತಿದ್ದಳು. ಎಲ್ಲಿಗೂ ಹೋಗುತ್ತಿರಲಿಲ್ಲ. ನಾನು ಹೋದರೆ, "ಬೂಟು ಸಡಿಲ ಆಗ್ಲಿ ಅಂತ ಹಾಕ್ಕೊಂಡಿದೀನಿ," ಎನ್ನುತ್ತಿದ್ದಳು. ಆ ಬೂಟು ಆರು ವರ್ಷ ಹಳೆಯದು.

ಕೇಂದ್ರದ ಮೊದಲ ವರ್ಷದ ಅಂಕಿ ಬಂದಾಗ ಕೋರಾ ಓಡಿ ಬಂದಳು. ಗೋಪುರದ ಹಾಗಿದ್ದ ಕಂಬ ಈಗ ಹೊಸ್ತಿಲಿನಷ್ಟು ಎತ್ತರ ಇತ್ತು. ಹಿಂದಿನ ಅರ್ಧ ಕಟ್ಟಡ ಖಾಲಿ ಬಿದ್ದಿದ್ದನ್ನು ನೋಡಿ ಡೆಲ್ಬರ್ಟ್ ಅಲ್ಲಿ ರಸ್ತೆಯ ಮರಳು ತುಂಬಿಸಿದ್ದ. ಶಾಸಕರು ಫೋನು ಮಾಡಿ ಕೇಳತೊಡಗಿದ್ದರು. ಕೋರಾ ಅತ್ತೆಯ ಅಡುಗೆಮನೆಯಲ್ಲಿ ಪೈ ಮುಟ್ಟದೆ ಕೂತಳು.

"ಅದೇ ಊರು, ಅದೇ ಜನ. ಏನ್ ಬದಲಾಯ್ತು, ಮಿಸೆಸ್ ಪೀಸ್ಲಿ? ನಂಗೆ ಅರ್ಥಾನೇ ಆಗ್ತಿಲ್ಲ."

"ಅವತ್ತೇ ಹೇಳಿದ್ನಲ್ಲಮ್ಮ, ಪಿಕಪ್ ತುಂಬ ಅಂತ," ಎಂದಳು ಅತ್ತೆ. "ಬಾ, ತೋರಿಸ್ತೀನಿ."

ಕೊಟ್ಟಿಗೆಯ ಬಾಗಿಲು ತಳ್ಳಿದಳು. ಹಸುಗಳು ನಿಲ್ಲುತ್ತಿದ್ದ ಎರಡೂ ಸಾಲಿನಲ್ಲಿ ದೀಪ, ಕುರ್ಚಿ, ತೊಟ್ಟಿಲು, ಹಿಮದ ಜಾರುಬಂಡಿ, ಪಾತ್ರೆ. ಎಲ್ಲ ಒರೆಸಿ, ಜೋಡಿಸಿ ಇಟ್ಟದ್ದು. ಎಲ್ಲದರ ಬೆನ್ನ ಮೇಲೂ ಹಳದಿ ಚೀಟಿ. ಕೋರಾ ಬ್ರೆಡ್ ಯಂತ್ರವನ್ನು ತಿರುಗಿಸಿದಳು. ಅದರ ಹಿಂಭಾಗ ಮೀನಿನ ಚರ್ಮದ ಹಾಗೆ ಚೀಟಿಯ ಮೇಲೆ ಚೀಟಿಯಾಗಿ ಮುಚ್ಚಿಹೋಗಿತ್ತು.

"ಬಂದಿದ್ದಕ್ಕೆಲ್ಲ ಅಂಟಿಸಿ ಅಂದಿದ್ದೆ, ಅಂಟಿಸ್ದೆ," ಎಂದಳು ಅತ್ತೆ.

ಕೋರಾ ಹಾಲು ಕರೆಯುವ ಸ್ಟೂಲಿನ ಮೇಲೆ ಕೂತಳು. "ಊರಲ್ಲಿ ಯಾರಿಗೂ ಗೊತ್ತಿರ್ಲಿಲ್ವಾ?"

"ಎಲ್ರಿಗೂ ಗೊತ್ತಿತ್ತು."

"ಮತ್ತೆ ಯಾಕೆ ಯಾರೂ..."

"ನೀನು ಏನೇನೋ ಕೇಳ್ದೆ. ಮರ್ಯಾದಸ್ಥರು ಅದಕ್ಕೆ ಉತ್ತರ ಕೊಡಲ್ಲ." ಆಮೇಲೆ ಸ್ವಲ್ಪ ಮೆತ್ತಗಾಗಿ, "ಈಗ ಏನ್ ಮಾಡ್ತೀಯ?"

"ಬರೀಬೇಕು. ತಪ್ಪಾಗಿದೆ ಅಂತ ಬರೀಲೇಬೇಕು."

"ಬರಿ ಮತ್ತೆ. ನಿನ್ ಕೆಲ್ಸ ಅದು. ಮೊದ್ಲು ಪೈ ತಿನ್ನು."

ಕೋರಾ ಬರೆದಳು. ಮೊದಲ ಅಂಕಿಗಳಲ್ಲಿ ಬಹುಪಾಲು ಒಂದೇ ಸಾಮಾನು ಮತ್ತೆ ಮತ್ತೆ ತೂಗಿದ್ದು ಎಂದು ಒಂದು ಮಾತನ್ನೂ ಮುಚ್ಚಿಡದೆ ಬರೆದಳು. ತಿದ್ದುಪಡಿಯನ್ನು ರಾಜಧಾನಿಯಲ್ಲಿ ಯಾರೂ ಪೂರ್ತಿ ಓದಿದ ಹಾಗೆ ಕಾಣಲಿಲ್ಲ. ಅವರು ಓದಿದ್ದು ಕೊನೆಯ ಪುಟ. ವಸ್ತುವಿಗೆ ತಕ್ಕ ಕೈ ಸಿಗುವ ತನಕ ಅದು ಎಲ್ಲೋ ಕಾಯಬೇಕು, ಆ ಕಾಯುವ ಜಾಗವೇ ಇಲ್ಲಿಯವರೆಗೆ ಯಾರ ಲೆಕ್ಕಕ್ಕೂ ಬಂದಿಲ್ಲ ಎಂದು ಅಲ್ಲಿತ್ತು. ಮಾದರಿ ಊರನ್ನು ವಾಪಸ್ಸು ತೆಗೆದುಕೊಳ್ಳುವುದಕ್ಕಿಂತ ಅದಕ್ಕೊಂದು ಕಾಯುವ ಜಾಗ ಸೇರಿಸುವುದು ಅವರಿಗೆ ಸುಲಭವಾಗಿ ಕಂಡಿತು. ಅತ್ತೆಯ ಕೊಟ್ಟಿಗೆಯನ್ನು ಕೇಂದ್ರದ ಶಾಖೆ ಎಂದು ಘೋಷಿಸಿದರು. ಶನಿವಾರ ಮಾತ್ರ ಬಾಗಿಲು ತೆರೆಯುತ್ತದೆ. ಹೆಸರು ತೋರಿಸುವ ಪರದೆ ಇಡಲು ಬಂದವರಿಗೆ ಅತ್ತೆ ಕೊಟ್ಟಿಗೆಯಲ್ಲಿ ವಿದ್ಯುತ್ತೇ ಇಲ್ಲ ಎಂದಳು. ಅವಳು ನಿಂತಿದ್ದ ಜಾಗದ ಹಿಂದೆಯೇ ಸ್ವಿಚ್ಚಿತ್ತು.

ಮೊದಲ ಶನಿವಾರ ನಾನು ಕಾಲು ಜೋಡಿಸಿದ ಕುರ್ಚಿಯನ್ನು ಬಾಗಿಲ ಎಡಕ್ಕೆ ಇಟ್ಟುಕೊಟ್ಟೆ. ಕಾರುಗಳು ಡೆಲ್ಬರ್ಟ್‌ನ ಮನೆಯ ತನಕ ನಿಂತಿದ್ದವು. ಜನ ಬಂದರು, ಹವಾಮಾನದ ಬಗ್ಗೆ ಮಾತಾಡಿದರು, ಏನೇನೋ ಎತ್ತಿಕೊಂಡು ಹೋದರು. ಬ್ರೆಡ್ ಯಂತ್ರವನ್ನು ಕೇಂದ್ರದ ವ್ಯವಸ್ಥಾಪಕನೇ ಒಯ್ದ.

ಡೆಲ್ಬರ್ಟ್ ಬಂದದ್ದು ಕೊನೆಗೆ. ಕೈಯಲ್ಲಿ ಮಡಚಿದ ಕೋಟು.

"ಇದು ನಂಗೆ ಬಿಗಿಯಾಗ್ತಿದೆ," ಎಂದ ಬೇರೆ ಕಡೆ ನೋಡುತ್ತಾ. "ಯಾರಿಗಾದ್ರೂ ಆದೀತು."

ಅತ್ತೆ ತೆಗೆದುಕೊಂಡು ಕೊಡವಿ, ಉಣ್ಣೆಯನ್ನು ಬೆರಳಿನಲ್ಲಿ ಉಜ್ಜಿ ನೋಡಿದಳು, ಹೊಸಬರ ಸಾಮಾನು ನೋಡುವ ಹಾಗೆ. "ಒಳ್ಳೇ ಬಟ್ಟೆ," ಎಂದಳು. "ಎಲ್ಲಿ ಸಿಕ್ತೋ ನಿಂಗೆ?"

"ಎಲ್ಲೋ," ಎಂದ ಡೆಲ್ಬರ್ಟ್.

ಅವಳು ಅದನ್ನು ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದಳು. ಆಮೇಲೆ ಯಾರೂ ಬರಲಿಲ್ಲ. ನಾನು ಕುರ್ಚಿ ಒಳಗಿಟ್ಟು, ಕಿಟಕಿ ಮುಚ್ಚಿ ಬಂದಾಗ ಮೊಳೆ ಖಾಲಿ ಇತ್ತು. ಅತ್ತೆ ಆಗಲೇ ಅಂಗಳ ದಾಟಿ ಮನೆಯ ಮೆಟ್ಟಿಲು ಹತ್ತುತ್ತಿದ್ದಳು. ತೋಳಿನ ಮೇಲೆ ಏನೋ ಇತ್ತು. ನಾನು ಹಿಮ ಬೀಳುತ್ತದೋ ಏನೋ ಎಂದು ಆಕಾಶ ನೋಡಿದೆ.